ಯಾರಿಗೂ ತಮ್ಮ ಚಪ್ಪಲಿ ಸಿಗಬಾರದು

ವರ್ಷದ ಮೊದಲ ಪಾಠದ ದಿನ ಆದಿಲಕ್ಷ್ಮಿ ಮೇಡಂ ಸೀಮೆಸುಣ್ಣ ಮುಟ್ಟುತ್ತಿರಲಿಲ್ಲ. ಎಂ.ಎಸ್‌ಸಿ ಗಣಿತದ ಮಕ್ಕಳು ಬಂದು ಕೂತು, ಎಣಿಕೆಯ ಗಣಿತದ ಹೊಸ ನೋಟ್‌ಬುಕ್ಕಿನ ಮೇಲೆ ‘ಕಾಂಬಿನೇಟೋರಿಕ್ಸ್’ ಎಂದು ಮುದ್ದಾಗಿ ಬರೆದು ಕೆಳಗೆ ಎರಡು ಗೆರೆ ಎಳೆಯುವಷ್ಟರಲ್ಲಿ, ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು: “ಮುಂದಿನ ಬೆಂಚಿನ ಐದು ಜನ ಎದ್ದು ಬನ್ನಿ. ಚಪ್ಪಲಿ ಬಿಡಿ.”

ಐದು ಜೊತೆ ಚಪ್ಪಲಿ ಮೇಜಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಐವರೂ ಕಣ್ಣು ಮುಚ್ಚಬೇಕು. ಮೇಡಂ ಜೊತೆಗಳನ್ನು ಅತ್ತಿತ್ತ ಮಾಡಿ, “ಈಗ ಎದುರಿಗೆ ಇರೋದನ್ನ ಮೆಟ್ಟಿಕೊಳ್ಳಿ” ಎನ್ನುವರು. ಕಣ್ಣು ಬಿಟ್ಟರೆ ಆರಡಿ ಎತ್ತರದ ಹುಡುಗನೊಬ್ಬ ಹೂವಿನ ಬಕಲ್ಲಿನ ಚಪ್ಪಲಿಯೊಳಗೆ ಎರಡು ಬೆರಳು ತೂರಿಸಿಕೊಂಡು ಕೊಕ್ಕರೆಯಂತೆ ನಿಂತಿರುತ್ತಿದ್ದ. ತರಗತಿ ಗೊಳ್ಳೆನ್ನುತ್ತಿತ್ತು. ಆ ನಗು ಮುಗಿಯುವ ಮೊದಲೇ ಪಾಠ ಶುರುವಾಗಿರುತ್ತಿತ್ತು.

“ಐದು ಜನಕ್ಕೆ ಐದು ಜೊತೆ ಹಂಚೋಕೆ ಒಟ್ಟು ನೂರಿಪ್ಪತ್ತು ಬಗೆ. ಅದರಲ್ಲಿ ಯಾರಿಗೂ ತಮ್ಮ ಚಪ್ಪಲಿ ಸಿಗದೆ ಇರೋ ಬಗೆ ನಲವತ್ನಾಲ್ಕು. ಸರಿಯಾಗಿ ಒಬ್ಬರಿಗೆ ಮಾತ್ರ ತಮ್ಮದು ಸಿಗೋ ಬಗೆ ನಲವತ್ತೈದು. ಒಂದೇ ಒಂದು ವ್ಯತ್ಯಾಸ. ನಾಲ್ಕು ಜನ ಆದ್ರೆ ಒಂಬತ್ತು, ಎಂಟು. ಅಲ್ಲೂ ಒಂದೇ. ಸಾವಿರ ಜನ ಬರ್ಲಿ, ಒಂದೇ. ಯಾಕೆ?”

ಯಾರಾದರೂ ಚುರುಕಿನವರು ಸೂತ್ರ ಬರೆಯಲು ಎದ್ದರೆ ಕೈ ಅಡ್ಡ ಹಿಡಿಯುತ್ತಿದ್ದರು. “ಸೂತ್ರ ನಂಗೂ ಬರುತ್ತೆ. ಈ ಕಡೆಯ ಒಂದೊಂದು ಬಗೆಗೂ ಆ ಕಡೆಯ ಒಂದೊಂದು ಬಗೆಯನ್ನ ಜೋಡಿ ಮಾಡ್ಕೊಂಡು ಹೋಗಿ. ಕೊನೇಗೆ ಜೋಡಿ ಇಲ್ದೆ ಉಳಿಯೋದು ಯಾವುದು, ಯಾಕೆ ಅಂತ ನಮ್ಮ ಮನೆಯವರಿಗೂ ಅರ್ಥ ಆಗೋ ಹಾಗೆ ಹೇಳಿ. ಹೇಳಿದವರಿಗೆ ಮಾಸ್ಕ್ ರೋಡ್ ಹೋಟ್ಲಲ್ಲಿ ಬಿರಿಯಾನಿ. ಎಷ್ಟು ಪ್ಲೇಟಾದ್ರೂ ಸರಿ.”

ಹದಿನೆಂಟು ವರ್ಷದಲ್ಲಿ ಯಾರಿಗೂ ಆ ಬಿರಿಯಾನಿ ಸಿಕ್ಕಿರಲಿಲ್ಲ. ಮೇಡಂಗೆ ‘ಚಪ್ಪಲಿ ಮೇಡಂ’ ಎಂಬ ಹೆಸರು ಮಾತ್ರ ಸಿಕ್ಕಿತ್ತು. ಶಿವಾಜಿನಗರದ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಆ ಹಳೆಯ ಕಲ್ಲಿನ ಕಟ್ಟಡದಲ್ಲಿ ‘ಆದಿಲಕ್ಷ್ಮಿ’ ಎಂದು ಕೇಳಿದರೆ ಕಾವಲುಗಾರನೂ ತಲೆ ಕೆರೆದುಕೊಳ್ಳುತ್ತಿದ್ದ. ‘ಚಪ್ಪಲಿ ಮೇಡಂ’ ಎಂದರೆ ಕೂಡಲೇ ಎರಡನೇ ಮಹಡಿ ತೋರಿಸುತ್ತಿದ್ದ.

ಆದಿಲಕ್ಷ್ಮಿ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ, ಕೆರೆಯಿಂದ ಎರಡು ಓಣಿ ಈಚೆಗೆ. ತಂದೆ ಮುನಿಶಾಮಿ ವಿಮಾನಪುರದ ಕಾರ್ಖಾನೆಯಲ್ಲಿ ಫಿಟ್ಟರ್. ಅವರ ಊಟದ ಕ್ಯಾರಿಯರಿಗೆ ಮೂರು ಡಬ್ಬಿ: ಅನ್ನ, ಸಾರು, ಪಲ್ಯ. ಅಮ್ಮ ಒಂದೊಂದು ದಿನ ಒಂದೊಂದು ರೀತಿ ಜೋಡಿಸಿ ಕಳಿಸುತ್ತಿದ್ದಳು. ಅಪ್ಪ ಸಂಜೆ ಬಂದು, ಮೇಲಿನ ಡಬ್ಬಿ ತೆಗೆದಾಗ ಏನು ಸಿಕ್ಕಿತೆಂದು ದೊಡ್ಡ ಸುದ್ದಿಯಂತೆ ಹೇಳುತ್ತಿದ್ದರು. ಎಂಟು ವರ್ಷದ ಆದಿ ಒಂದು ದಿನ ಸ್ಲೇಟಿನಲ್ಲಿ ಬರೆದು ನೋಡಿ ಗಾಬರಿಯಾದಳು. “ಅಪ್ಪಾ, ಆರೇ ಬಗೆ ಇರೋದು! ಏಳನೇ ದಿನ ಅಮ್ಮ ಏನ್ ಮಾಡ್ತಾಳೆ?” ಮುನಿಶಾಮಿ ಗಂಭೀರವಾಗಿ ಯೋಚಿಸಿ, “ಏಳನೇ ದಿನ ಭಾನುವಾರ ಕಣಮ್ಮ, ರಜ” ಎಂದರು. ಲೋಕದಲ್ಲಿ ಲೆಕ್ಕ ಸರಿಯಾಗಿದೆ ಎಂಬ ನಂಬಿಕೆ ಆ ಹುಡುಗಿಗೆ ಅವತ್ತು ಬಂದದ್ದು ಆಮೇಲೆ ಪೂರ್ತಿ ಹೋಗಲೇ ಇಲ್ಲ.

ಕನ್ನಡ ಮಾಧ್ಯಮದಲ್ಲಿ ‘ಕ್ರಮಯೋಜನೆ, ವಿಕಲ್ಪ’ ಎಂದು ಕಲಿತು, ಮುಂದೆ ಅದನ್ನೇ ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕಲಿತು, ಪಿಎಚ್.ಡಿ.ಗೆ ಸೇರಿದಾಗ ಆಕೆ ಕೈಗೆತ್ತಿಕೊಂಡದ್ದು ಈ ಚಪ್ಪಲಿ ಪ್ರಶ್ನೆಯನ್ನೇ. ಮಾರ್ಗದರ್ಶಕರು ಕೇಳಿ ನಕ್ಕರು. “ಎಣಿಸೋದು ಗಣಿತ ಅಲ್ಲಮ್ಮ, ಅದು ಗೋಲಿ ಆಟ.” ಅವರ ಮಾತಿನಂತೆ ವಿಷಯ ಬದಲಾಯಿತು. ಯಾರೂ ಯಾವತ್ತೂ ನೋಡದ ಒಂದು ಕೊಳವೆಯಲ್ಲಿ ಯಾವತ್ತೂ ಹರಿಯದ ಒಂದು ದ್ರವದ ಮೇಲೆ ಇನ್ನೂರ ಹತ್ತು ಪುಟ ಬರೆದು ಆದಿಲಕ್ಷ್ಮಿ ಡಾಕ್ಟರ್ ಆದರು. ಆ ಪುಸ್ತಕವನ್ನು ಆಮೇಲೆ ಓದಿದವರು ಅವರ ಗಂಡ ಸುಗತ ಒಬ್ಬರೇ, ಅದೂ ಮದುವೆಯಾದ ಹೊಸತರಲ್ಲಿ.

ಪಾಠಕ್ಕೆ ನಿಂತ ಮೇಲೆ ಗೋಲಿ ಆಟಕ್ಕೆ ವಾಪಸಾದರು. ಮಕ್ಕಳು ಬರುತ್ತಿದ್ದದ್ದು ಕೃಷ್ಣರಾಜಪುರದಿಂದ, ಟ್ಯಾನರಿ ರಸ್ತೆಯಿಂದ, ಹೊಸಕೋಟೆಯ ಕಡೆಯಿಂದ. ಇಂಗ್ಲಿಷ್ ಪ್ರಮೇಯ ಕಂಡರೆ ಅರ್ಧ ಮಕ್ಕಳ ಮುಖ ಕಲ್ಲಾಗುತ್ತಿತ್ತು. ಮೇಡಂ ಒಂದೇ ಲೆಕ್ಕವನ್ನು ಕನ್ನಡದಲ್ಲಿ ಶುರುಮಾಡಿ, ತಮಿಳಿನಲ್ಲಿ ತಿರುವಿ, ದಖನಿ ಉರ್ದುವಿನಲ್ಲಿ “ಸಮಝೇ ಕ್ಯಾ?” ಎಂದು ಮುಗಿಸುತ್ತಿದ್ದರು. ಅವರ ದಖನಿ ಕೇಳಿ ಸಿಟ್ಟಾದವರು ಯಾರೂ ಇಲ್ಲ, ನಗದವರೂ ಯಾರೂ ಇಲ್ಲ.

ಹದಿನೆಂಟನೆಯ ವರ್ಷದ ತಂಡದಲ್ಲಿ ಲುಬ್ನಾ ಎಂಬ ಹುಡುಗಿ ಇದ್ದಳು. ಪುಲಿಕೇಶಿನಗರದವಳು, ತಾಯಿ ಶಮೀಮ್ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಲುಬ್ನಾ ಪದವಿಯಲ್ಲಿ ಗಣಿತಕ್ಕೆ ನೂರಕ್ಕೆ ತೊಂಬತ್ತೆಂಟು ತೆಗೆದು ಬಂದಿದ್ದಳು, ಉಳಿದ ಎರಡು ಎಲ್ಲಿ ಹೋಯಿತೆಂದು ಇನ್ನೂ ಯೋಚಿಸುತ್ತಿದ್ದಳು. ಯಾವ ಸೂತ್ರ ಕೇಳಿದರೂ ಪುಟದ ಸಂಖ್ಯೆ ಸಮೇತ ಹೇಳುವಳು. ಮೊದಲ ಆಂತರಿಕ ಪರೀಕ್ಷೆಯಲ್ಲಿ ಅವಳ ಎಲ್ಲ ಉತ್ತರವೂ ಸರಿ. ಮೇಡಂ ಕೊಟ್ಟದ್ದು ಹತ್ತಕ್ಕೆ ನಾಲ್ಕು.

ಲುಬ್ನಾ ಉತ್ತರಪತ್ರಿಕೆ ಹಿಡಿದುಕೊಂಡು ಸ್ಟಾಫ್ ರೂಮಿಗೇ ಬಂದಳು.

“ಮೇಡಂ, ಇದ್ರಲ್ಲಿ ಯಾವ್ದು ತಪ್ಪಿದೆ?”

“ಯಾವುದೂ ಇಲ್ಲ.”

“ಮತ್ತೆ ಆರು ಮಾರ್ಕ್ಸ್ ಎಲ್ಲಿ ಹೋಯ್ತು?”

“ಮೂರನೇ ಉತ್ತರ ನೋಡು. ಮುನ್ನೂರ ಐವತ್ತು ಅಂತ ಬರ್ದಿದ್ಯಾ. ಏನು ಮುನ್ನೂರ ಐವತ್ತು?”

“ಆನ್ಸರ್ ಮೇಡಂ.”

“ಅದೇ, ಏನದು? ಮನುಷ್ಯರಾ, ಮಣಿಗಳಾ, ಬಸ್ಸಾ? ನೀನು ಎಣಿಸಿದ್ದು ಏನನ್ನ?”

ಲುಬ್ನಾ ಪ್ರಶ್ನೆಪತ್ರಿಕೆ ತೆಗೆದು ನೋಡಿದಳು. ಅದು ಎಷ್ಟು ಬಗೆಯ ಸಮಿತಿ ಮಾಡಬಹುದೆಂಬ ಲೆಕ್ಕ. ಅವಳಿಗೆ ಸಮಿತಿ ನೆನಪೇ ಇರಲಿಲ್ಲ. ಸೂತ್ರ ಕಂಡಿತ್ತು, ಅಂಕಿ ತುಂಬಿದ್ದಳು, ಹೊರಟಿದ್ದಳು. ಕಿವಿ ಕೆಂಪಗಾಯಿತು. ಆದರೂ ಬಿಡಲಿಲ್ಲ. “ಸರಿ ಮೇಡಂ. ಆ ಚಪ್ಪಲಿದು ನಾನೇ ಮಾಡ್ತೀನಿ. ಆಮೇಲೆ ಈ ಆರು ಮಾರ್ಕ್ಸ್ ವಾಪಸ್ ಕೊಡ್ತೀರಾ?”

“ಮಾರ್ಕ್ಸ್ ಕೊಡಲ್ಲ. ಬಿರಿಯಾನಿ ಕೊಡ್ತೀನಿ.”

ಅವತ್ತಿನಿಂದ ಪ್ರತಿ ಶನಿವಾರ ಪಾಠ ಮುಗಿದ ಮೇಲೆ ಲುಬ್ನಾ ಬರಲು ಶುರುಮಾಡಿದಳು. ಜೊತೆಗೆ ಅವಳ ಸಹಪಾಠಿ ತೌಹೀದ್. ಅವನಿಗೆ ಪ್ರಶ್ನೆಯಲ್ಲಿ ಅಷ್ಟೇನೂ ಆಸಕ್ತಿಯಿರಲಿಲ್ಲ. ಯಾರಾದರೂ ಗೆದ್ದರೆ ತಾನೂ ಪಕ್ಕದಲ್ಲಿರಬೇಕು ಎಂಬ ದೂರಾಲೋಚನೆ. ಮೇಡಂ ಹೇಳಿಕೊಡುವ ರೀತಿ ವಿಚಿತ್ರವಾಗಿತ್ತು. ಲುಬ್ನಾ ಸಾವಿರ ಜನದ ಲೆಕ್ಕ ಹಾಕಿಕೊಂಡು ಬಂದರೆ, “ಮೂರು ಜನಕ್ಕೆ ಮಾಡು” ಎನ್ನುತ್ತಿದ್ದರು. ಮೂರಕ್ಕೆ ಮಾಡಿ ತಂದರೆ, “ಚೆನ್ನಾಗಿದೆ, ಎಲ್ಲಾ ಬರೆದಿದ್ಯಾ? ಸೂತ್ರದಿಂದ ಅಲ್ಲ, ಕೈಯಲ್ಲಿ” ಎನ್ನುತ್ತಿದ್ದರು. ನಾಲ್ಕು ಜನದ ಒಂಬತ್ತು ಬಗೆ ಒಂದು ಕಡೆ, ಎಂಟು ಬಗೆ ಇನ್ನೊಂದು ಕಡೆ, ಚೀಟಿಗಳ ಮೇಲೆ ಬರೆದು ಮೇಜಿನ ತುಂಬ ಹರಡಿ ಲುಬ್ನಾ ಗಂಟೆಗಟ್ಟಲೆ ಜೋಡಿ ಹುಡುಕುವಳು. ತೌಹೀದ್, “ಇದು ನಮ್ಮತ್ತೆ ಗಂಡು ಹುಡುಕ್ದಂಗಿದೆ” ಎನ್ನುವನು. ಜೋಡಿ ಕೂರುತ್ತಿದ್ದವು, ಆದರೆ ಯಾಕೆ ಕೂತವೆಂದು ಹೇಳಲು ಬರುತ್ತಿರಲಿಲ್ಲ. ಹಾಗೆ ಕೂತದ್ದು ಐದು ಜನದ ಲೆಕ್ಕಕ್ಕೆ ಕೂರುತ್ತಿರಲಿಲ್ಲ.

ಇಷ್ಟರಲ್ಲಿ ಮೇಡಂ ಮನಸ್ಸಿನಲ್ಲಿ ಒಂದು ಸಣ್ಣ ಮುಳ್ಳು ಆಡತೊಡಗಿತ್ತು. ಹಲಸೂರಿನ ಮನೆಯ ಕಬ್ಬಿಣದ ಬೀರುವಿನಲ್ಲಿ, ಸೀರೆಗಳ ಕೆಳಗೆ, ಒಂದು ಕಂದು ಲಕೋಟೆ ಇತ್ತು. ಬಹಳ ವರ್ಷದ ಹಿಂದೆ ಪಿಎಚ್.ಡಿ. ಕಾಲದ ಗೆಳತಿಯೊಬ್ಬಳು ಚೆನ್ನೈನಿಂದ ಕಳಿಸಿದ್ದು. ಮೇಲೆಯೇ ಬರೆದಿದ್ದಳು: ‘ನಿನ್ನ ಪ್ರಶ್ನೆಗೆ ಯಾರೋ ಉತ್ತರ ಕಂಡುಹಿಡಿದಿದ್ದಾರೆ ಕಣೇ. ಜೆರಾಕ್ಸ್ ಒಳಗಿದೆ.’ ಆದಿಲಕ್ಷ್ಮಿ ಅದನ್ನು ಒಡೆದಿರಲಿಲ್ಲ. ಈಗಂತೂ ಫೋನಿನಲ್ಲಿ ಹುಡುಕಿದರೂ ಸಿಗುತ್ತಿತ್ತೇನೋ, ಹುಡುಕಿರಲಿಲ್ಲ. ಮಕ್ಕಳಿಗೂ ಹೇಳಿರಲಿಲ್ಲ. ಹೇಳಿದರೆ ಹುಡುಕಿಬಿಡುತ್ತಾರೆ, ಹುಡುಕಿದರೆ ಆಟ ಮುಗಿಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು.

ಬುದ್ಧ ಪೂರ್ಣಿಮೆಯ ದಿನ ಮೇಡಂ ಐದು ಜನ ಮಕ್ಕಳನ್ನು ಮನೆಗೆ ಊಟಕ್ಕೆ ಕರೆದರು. ಲುಬ್ನಾ, ತೌಹೀದ್, ಇನ್ನು ಮೂವರು. ಪಾಯಸ, ಹುಳಿ, ಕೋಸಂಬರಿ. ಮೇಡಂ ಗಂಡ ಸುಗತ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುತ್ತಿದ್ದು ನಿವೃತ್ತರಾದವರು. ಹದಿನೆಂಟು ವರ್ಷದಿಂದ ಚಪ್ಪಲಿ ಪ್ರಶ್ನೆ ಕೇಳಿ ಕೇಳಿ ಅದರಲ್ಲಿ ತನಗೂ ಪಾಲಿದೆ ಎಂದುಕೊಂಡಿದ್ದವರು. ಮಕ್ಕಳು ಊಟಕ್ಕೆ ಕೂತದ್ದೇ ತಡ, ಮೆಲ್ಲಗೆ ಬಾಗಿಲಿಗೆ ಹೋಗಿ ಐದು ಜೊತೆಯನ್ನೂ ಅದಲುಬದಲು ಮಾಡಿಟ್ಟು ಬಂದು, ಏನೂ ಅರಿಯದವರ ಹಾಗೆ ಇನ್ನೊಂದು ಸೌಟು ಪಾಯಸ ಬಡಿಸಿದರು.

ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು ಅಪ್ಪಣೆ ಮಾಡಿದರು: “ಯಾರೂ ಆರಿಸ್ಕೋಬಾರದು. ನೀವು ಬಿಟ್ಟ ಜಾಗದಲ್ಲಿ ಏನಿದೆಯೋ ಅದನ್ನೇ ಮೆಟ್ಕೊಳ್ಳಿ. ಯಾರಿಗೂ ತಮ್ಮದು ಸಿಗಲ್ಲ, ನಾನು ಗ್ಯಾರಂಟಿ.”

ಮಕ್ಕಳು ಒಬ್ಬರ ಹಿಂದೊಬ್ಬರು ಮೆಟ್ಟಿಕೊಂಡರು. ಬಾಗಿಲ ಪಕ್ಕದಲ್ಲೇ ಮೊದಲು ಚಪ್ಪಲಿ ಬಿಟ್ಟಿದ್ದವಳು ಲುಬ್ನಾ. ಅವಳಿಗೆ ಗುಲಾಬಿ ಬಣ್ಣದ, ಹಿಮ್ಮಡಿ ಎತ್ತರದ ಜೊತೆ ಸಿಕ್ಕಿತು. ಕೊನೆಯಲ್ಲಿ ತೌಹೀದ್ ಹಲ್ಲು ಕಿರಿದ.

“ಅಂಕಲ್, ನಂದು ನಂಗೇ ಬಂತು!”

ಸುಗತರ ಮುಖ ಇಳಿಯಿತು. ಕಪ್ಪು ಬಣ್ಣದ ಎರಡು ಜೊತೆ ಒಂದೇ ಥರ ಇದ್ದು ಕಣ್ಣು ಮೋಸ ಹೋಗಿತ್ತು. “ಛೆ ಛೆ, ಹಂಗಾಗ್ಬಾರ್ದು. ಬಾ ಇಲ್ಲಿ. ನೀನು ಮೊದಲನೇವಳ ಜೊತೆ ಬದಲಾಯಿಸ್ಕೋ. ಲುಬ್ನಾ, ಆ ಗುಲಾಬಿದು ಅವನಿಗೆ ಕೊಡಮ್ಮ, ಅವನದ್ದು ನೀನು ಹಾಕ್ಕೋ.” ಇಬ್ಬರೂ ಬದಲಾಯಿಸಿಕೊಂಡರು. ಸುಗತ ಐದು ಜನರ ಕಾಲನ್ನೂ ನೋಡಿ ತೃಪ್ತಿಯಿಂದ, “ಈಗ ಸರಿಹೋಯ್ತು. ಯಾರಿಗೂ ಇಲ್ಲ” ಎಂದರು.

ತೌಹೀದ್ ಗುಲಾಬಿ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆದು ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದರು. ಲುಬ್ನಾ ಮಾತ್ರ ಅವನ ದೋಣಿಯಂಥ ಚಪ್ಪಲಿಯೊಳಗೆ ಮಿಸುಕದೆ ನಿಂತಿದ್ದಳು.

“ಅಂಕಲ್, ಈಗ ಏನ್ ಮಾಡಿದ್ರಿ?”

“ತಪ್ಪು ತಿದ್ದಿದೆ ಅಷ್ಟೇ.”

“ಇಲ್ಲ ಅಂಕಲ್. ಒಬ್ಬನಿಗೆ ಮಾತ್ರ ಸಿಕ್ಕಿತ್ತು. ಅವನು ಮೊದಲನೇವಳ ಹತ್ರ ಬದಲಾಯಿಸ್ಕೊಂಡ. ಈಗ ಯಾರಿಗೂ ಇಲ್ಲ. ಆ ಕಡೆಯಿಂದ ಈ ಕಡೆಗೆ ಬಂತು!” ಅವಳ ದನಿ ಏರಿತು. “ವಾಪಸ್ಸೂ ಹೋಗ್ಬೋದು. ನನ್ನ ಕಾಲಲ್ಲಿ ಯಾರ ಚಪ್ಪಲಿ ಇದೆ ನೋಡ್ಬೇಕು, ಅವನಿಗೇ ವಾಪಸ್ ಕೊಡ್ಬೇಕು, ಅಷ್ಟೇ. ಜೋಡಿ! ಮೇಡಂ, ಜೋಡಿ!”

ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದ ಆದಿಲಕ್ಷ್ಮಿ ಬಾಗಿಲಲ್ಲೇ ನಿಂತರು. ಕೇಳಬೇಕಾದ್ದನ್ನು ಕೇಳಿದರು. “ತನ್ನದೇ ಸಿಕ್ಕಿದ ಆ ಒಬ್ಬಳು ನೀನೇ ಆಗಿದ್ರೆ? ಮೊದಲನೇವಳೇ? ಯಾರ ಜೊತೆ ಬದಲಾಯಿಸ್ಕೋತೀಯ?”

ಲುಬ್ನಾ ಮೆಟ್ಟಿಲ ಮೇಲೆ ಕುಸಿದು ಕೂತಳು. ಉಳಿದವರೂ ಕೂತರು. ಓಣಿಯಲ್ಲಿ ಹೂ ಮಾರುತ್ತಿದ್ದ ಹೆಂಗಸು, “ಎನ್ನಮ್ಮಾ, ಎಲ್ಲಾರುಂ ವಾಸಲ್ಲೆ ಉಕ್ಕಾಂದುಟ್ಟೀಂಗ?” ಎಂದು ತಮಿಳಿನಲ್ಲಿ ವಿಚಾರಿಸಿ, ಎಲ್ಲರೂ ಯಾಕೆ ಬಾಗಿಲಲ್ಲಿ ಕೂತಿದ್ದಾರೆಂಬುದಕ್ಕೆ ಉತ್ತರ ಸಿಗದೆ ಮುಂದೆ ಹೋದಳು. ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ಲುಬ್ನಾ ತಲೆ ಎತ್ತಿದಳು.

“ನಾನು ಮನೆಗೆ ಹೋಗ್ಬಿಡ್ತೀನಿ.”

“ಅಯ್ಯೋ ಯಾಕಮ್ಮ?” ಎಂದು ಸುಗತ ಗಾಬರಿಯಾದರು. “ಕೂತ್ಕೋ, ಕಾಫಿ ಮಾಡ್ತೀನಿ.”

“ಅಲ್ಲ ಅಂಕಲ್, ಲೆಕ್ಕದಿಂದ ಹೋಗ್ಬಿಡ್ತೀನಿ! ನನ್ನ ಚಪ್ಪಲಿ ನಂಗೆ ಸಿಕ್ಕಿದೆಯಲ್ಲ, ಹಾಕ್ಕೊಂಡು ಹೊರಟೆ. ಉಳಿದ ನಾಲ್ಕು ಜನ ನೋಡಿ, ಅವರಲ್ಲಿ ಯಾರಿಗೂ ತಮ್ಮದು ಇಲ್ಲ. ಈಗ ಯಾರಿಗೂ ತಮ್ಮದು ಸಿಗದ ಕಡೆ ನೋಡಿ. ಅಲ್ಲಿ ಜೋಡಿ ತಪ್ಪೋದು ಯಾವಾಗ? ನಂದು ತೌಹೀದ್ ಹತ್ರ, ತೌಹೀದ್‌ದು ನನ್ನ ಹತ್ರ ಇದ್ದಾಗ ಮಾತ್ರ. ಬದಲಾಯಿಸಿದ್ರೆ ಇಬ್ಬರಿಗೂ ತಮ್ಮದೇ ಬಂದ್ಬಿಡುತ್ತೆ. ಸರಿ, ಅಲ್ಲೂ ನಂದು ನಾನು ತಗೊಂಡು ಮನೆಗೆ ಹೋದೆ. ಅವನಿಗೆ ಅವನದ್ದು ಸಿಕ್ತು. ಉಳಿದ ನಾಲ್ಕು ಜನದಲ್ಲಿ ಒಬ್ಬನಿಗೆ ಮಾತ್ರ ತನ್ನದು ಇದೆ.” ಉಸಿರು ತೆಗೆದುಕೊಂಡಳು. “ಅದೇ ಪ್ರಶ್ನೆ ಮೇಡಂ! ಐದರ ಬದಲು ನಾಲ್ಕು ಜನ, ಎರಡು ಕಡೆಯೂ ಅದಲುಬದಲು. ಮತ್ತೆ ಒಬ್ಬರು ಮನೆಗೆ. ಮೂರು. ಮತ್ತೆ ಒಬ್ಬರು. ಕೊನೇಗೆ ಒಬ್ಬನೇ ಉಳೀತಾನೆ. ಒಬ್ಬನೇ ಇದ್ರೆ ಅವನಿಗೆ ಅವನದೇ ಸಿಗ್ಬೇಕು, ಬೇರೆ ದಾರಿನೇ ಇಲ್ಲ. ಅವನೇ ಜೋಡಿ ಇಲ್ಲದವನು.”

ಮೇಡಂ ಒಳಗೆ ಹೋಗಿ, ಒಂದು ಲೋಟ ನೀರು ಕುಡಿದು, ಮತ್ತೆ ಬಂದು, “ಇನ್ನೊಂದ್ ಸಲ ಹೇಳು” ಎಂದರು. ಲುಬ್ನಾ ಹೇಳಿದಳು. ಮೂರನೆಯ ಸಲ ಸುಗತರೇ ಹೇಳಿದರು, ತಪ್ಪಿಲ್ಲದೆ. ಹೇಳಿ ಮುಗಿಸಿ, “ಆ ಮೊದಲನೇ ಅದಲುಬದಲು ಮಾಡ್ಸಿದ್ದು ನಾನು. ಬಿರಿಯಾನಿಯಲ್ಲಿ ಅರ್ಧ ನಂದು” ಎಂದು ಹಕ್ಕು ಮಂಡಿಸಿದರು.

ತೊಂದರೆ ಶುರುವಾದದ್ದು ಮರುದಿನ. ತೌಹೀದ್ ರಾತ್ರಿಯೇ ವಾಟ್ಸಾಪಿನಲ್ಲಿ ಹಾಕಿದ್ದ: ‘ಹದಿನೆಂಟು ವರ್ಷದ ಪ್ರಶ್ನೆಗೆ ನಮ್ಮ ಲುಬ್ನಾ ಉತ್ತರ. ಜಗತ್ತಲ್ಲೇ ಮೊದಲು!’ ವಿಭಾಗದ ಮುಖ್ಯಸ್ಥ ಶ್ರೀನಿವಾಸ್ ಅವರಿಗೆ ಗಣಿತಕ್ಕಿಂತ ಫ್ಲೆಕ್ಸ್ ಮೇಲೆ ನಂಬಿಕೆ. ಮಧ್ಯಾಹ್ನದೊಳಗೆ ಶಿವಾಜಿನಗರದಲ್ಲಿ ಆರಡಿ ಅಗಲದ ಫ್ಲೆಕ್ಸಿಗೆ ಹೇಳಿ ಬಂದಿದ್ದರು, ಲುಬ್ನಾಳ ಪ್ರವೇಶಪತ್ರದ ಫೋಟೋ ಸಮೇತ. ಆದಿಲಕ್ಷ್ಮಿ ಅವರ ಕೋಣೆಗೆ ಓಡಿದರು.

“ಸಾರ್, ಆ ‘ಜಗತ್ತಲ್ಲೇ’ ಅನ್ನೋದು ತೆಗೆಸಿ.”

“ಯಾಕ್ ಮೇಡಂ? ಸರಿ, ದೇಶದಲ್ಲೇ ಅಂತ ಹಾಕ್ಸೋಣ.”

“ಬೇಡ ಸಾರ್.”

“ರಾಜ್ಯದಲ್ಲೇ?”

“ಬೇಡ.”

“ಮತ್ತೆ ಎಲ್ಲಿ ಮೊದಲು ಅಂತ ಹಾಕ್ಸೋದು?”

“ನಮ್ಮ ಮನೆ ಮೆಟ್ಟಿಲ ಮೇಲೆ ಅಂತ ಹಾಕ್ಸಿ. ಅದಷ್ಟೇ ನನಗೆ ಗೊತ್ತಿರೋದು.”

ಆಮೇಲೆ ಬಾಗಿಲು ಹಾಕಿಕೊಂಡು ಲಕೋಟೆಯ ವಿಷಯ ಹೇಳಿದರು. ಹೊರಗೆ ಬಂದು ಲುಬ್ನಾಳಿಗೂ ಹೇಳಿದರು.

“ಉತ್ತರ ಇದೆ ಅಂತ ನಿಮ್ಗೆ ಗೊತ್ತಿತ್ತಾ? ನಾಲ್ಕು ತಿಂಗಳು ಶನಿವಾರ ಶನಿವಾರ ಚೀಟಿ ಬರೆಸಿದ್ರಲ್ಲ, ಅವಾಗ್ಲೂ?”

“ಇದೆ ಅಂತ ಗೊತ್ತಿತ್ತು. ಏನು ಅಂತ ಗೊತ್ತಿರ್ಲಿಲ್ಲ.”

“ನಮ್ಮಮ್ಮ ಇಡೀ ಬೀದಿಗೆ ಸ್ವೀಟ್ ಹಂಚಿದ್ದಾರೆ ಮೇಡಂ” ಎಂದು ಲುಬ್ನಾ ಬ್ಯಾಗು ಎತ್ತಿಕೊಂಡು ಹೊರಟಳು. ಮೂರು ದಿನ ಕಾಲೇಜಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ಆ ಮೂರು ದಿನ ಮೇಡಂ ಪಾಠದಲ್ಲಿ ಎರಡು ಸಲ ಎಣಿಕೆ ತಪ್ಪಿದರು. ನಾಲ್ಕನೆಯ ದಿನ ಬೀರು ತೆಗೆದು, ಸೀರೆ ಸರಿಸಿ, ಲಕೋಟೆಯನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಪುಲಿಕೇಶಿನಗರದ ಬಸ್ ಹತ್ತಿದರು.

ಬಾಗಿಲು ತೆಗೆದ ಶಮೀಮ್ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡಿದ್ದರು. ಮೇಡಂ ಯಾರೆಂದು ತಿಳಿದದ್ದೇ ಮುಖ ಬಿಳಿಚಿತು. ಮಗಳ ಓದಿನ ಇಷ್ಟು ವರ್ಷದಲ್ಲಿ ಟೀಚರೊಬ್ಬರು ಮನೆಗೆ ಬಂದದ್ದು ಇದೇ ಮೊದಲು.

“ಏನ್ ತಪ್ಪು ಮಾಡಿದ್ಲು ಮೇಡಂ? ಹೇಳಿ ನಂಗೆ, ನಾನು ಕೇಳ್ತೀನಿ ಅವ್ಳಿಗೆ.”

“ತಪ್ಪು ಮಾಡಿದ್ದು ನಾನಮ್ಮ.”

ಶಮೀಮ್‌ಗೆ ಇದು ಇನ್ನೂ ಗಾಬರಿಯ ವಿಷಯವೆನಿಸಿತು. ಒಳಗೆ ಕೂರಿಸಿ, ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ, “ಲುಬ್ನಾ, ಇದರ್ ಆ!” ಎಂದು ಕೂಗಿದರು. ಲುಬ್ನಾ ಬಂದಳು, ಗೋಡೆಗೆ ಒರಗಿ ನಿಂತಳು. ಮೇಡಂ ಲಕೋಟೆಯನ್ನು ಯಂತ್ರದ ಮೇಲಿಟ್ಟರು. ಅಂಟು ಹಳದಿಯಾಗಿತ್ತು, ಎಲ್ಲೂ ಬಿಚ್ಚಿದ ಗುರುತಿರಲಿಲ್ಲ.

“ನೀವು ನಿಜವಾಗ್ಲೂ ತೆಗ್ದೇ ಇಲ್ವಾ?”

“ಇಲ್ಲ.”

“ಯಾಕೆ?”

ಬಸ್ಸಿನಲ್ಲಿ ಬರುವಾಗ ಮೇಡಂ ಮೂರು ಒಳ್ಳೆಯ ಉತ್ತರ ತಯಾರಿಸಿಕೊಂಡಿದ್ದರು. ಶಿಕ್ಷಣದ ಬಗ್ಗೆ ಒಂದು, ಸ್ವಂತ ಯೋಚನೆಯ ಬಗ್ಗೆ ಒಂದು. ಮೂರನೆಯದು ಮರೆತುಹೋಗಿತ್ತು. ಬಾಯಿಗೆ ಬಂದದ್ದು ಬೇರೆಯೇ.

“ಹೆದರಿಕೆ. ಪಿಎಚ್.ಡಿ.ಗೆ ಸೇರಿದಾಗಿಂದ ಇಪ್ಪತ್ತೇಳು ವರ್ಷ ಒದ್ದಾಡಿದ್ದೀನಿ ಲುಬ್ನಾ. ಒಳಗೆ ಎರಡು ಸಾಲಿನ ಉತ್ತರ ಇದ್ದು, ‘ಅಯ್ಯೋ ಇಷ್ಟೇನಾ’ ಅನ್ನಿಸಿಬಿಟ್ರೆ? ನಾನು ದಡ್ಡಿ ಅಂತ ಯಾರೋ ಟೈಪ್ ಮಾಡಿ ಕಳಿಸಿದ ಹಾಗಾಗುತ್ತೆ. ಅದಕ್ಕೆ ತೆಗೀಲಿಲ್ಲ. ನಿಂಗೆ ಹೇಳದೆ ಇದ್ದದ್ದು ಮಾತ್ರ ತಪ್ಪು. ಉತ್ತರ ಇದೆ, ಹುಡುಕ್ಬೇಡ, ನೀನೇ ಮಾಡು ಅಂತ ಹೇಳ್ಬಹುದಿತ್ತು.”

ಲುಬ್ನಾ ಅಮ್ಮನ ಕತ್ತರಿ ತೆಗೆದುಕೊಂಡು ಲಕೋಟೆಯ ಅಂಚನ್ನು ನೀಟಾಗಿ ಕತ್ತರಿಸಿದಳು. ಒಳಗೆ ನಾಲ್ಕು ಪುಟ. ಇಬ್ಬರೂ ಯಂತ್ರದ ಎರಡು ಪಕ್ಕದಲ್ಲಿ ಕೂತು ಓದತೊಡಗಿದರು. ಶಮೀಮ್ ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತ, ವೈದ್ಯರ ವರದಿಗೆ ಕಾಯುವವರ ಹಾಗೆ ನಿಂತಿದ್ದರು.

ಮೂರನೇ ಪುಟದಲ್ಲಿ ಲುಬ್ನಾ ಹುಬ್ಬು ಗಂಟಿಕ್ಕಿದಳು. “ಮೇಡಂ, ಇವ್ರು ಎಲ್ಲೆಲ್ಲೋ ಸುತ್ತಾಡಿ ಬರ್ತಿದ್ದಾರಲ್ವಾ? ಮನೆಗೆ ಕಳ್ಸಿದ್ರೆ ಮುಗೀತಿತ್ತು.”

“ಕೊನೇಗೆ ಸೇರೋದು ಅಲ್ಲಿಗೇ. ದಾರಿ ನಿಂದು ಹತ್ತಿರದ್ದು.” ಮೇಡಂ ಕನ್ನಡಕ ತೆಗೆದರು. “ಆದ್ರೆ ನಿನ್ನ ದಾರಿಯಲ್ಲೂ ಯಾರೋ ಎಲ್ಲೋ ನಡೆದಿರ್ತಾರೆ. ಅದನ್ನ ಈಗ ಇಬ್ಬರೂ ಕೂತು ಹುಡುಕೋಣ. ಸಿಕ್ಕಿದ್ರೆ ಅವರ ಹೆಸರೂ ಹೇಳೋಣ.”

“ಸಿಕ್ಕಿದ್ರೆ ನಂದು ಏನ್ ಉಳೀತು?”

“ಆ ಮೆಟ್ಟಿಲ ಮೇಲೆ ಇಪ್ಪತ್ತು ನಿಮಿಷ ಕೂತಿದ್ಯಲ್ಲ, ಅದು. ನಂಗೆ ಇಪ್ಪತ್ತೇಳು ವರ್ಷದಲ್ಲಿ ಸಿಗ್ಲಿಲ್ಲ ಅದು. ಹೊಟ್ಟೆಕಿಚ್ಚು ಆಯ್ತು ಅವತ್ತು. ಅದಕ್ಕೇ ನೀರು ಕುಡಿಯೋಕೆ ಒಳಗೆ ಹೋದೆ.”

ಲುಬ್ನಾ ನಕ್ಕುಬಿಟ್ಟಳು. ಮಗಳು ನಕ್ಕದ್ದು ನೋಡಿ ಶಮೀಮ್‌ಗೆ ಸಮಾಧಾನವಾಯಿತು. ಲೆಕ್ಕ ಏನಾಯಿತೆಂದು ಅವರು ಕೇಳಲಿಲ್ಲ. ಮೇಡಂ ಪಂತದ ಮಾತೆತ್ತಿ, “ನಡೀರಿ, ಮೂವರೂ ಮಾಸ್ಕ್ ರೋಡ್‌ಗೆ ಹೋಗೋಣ” ಎಂದರೆ ಮಾತ್ರ ಅವಮಾನವಾದವರಂತೆ ಎದ್ದು ನಿಂತರು. “ಮನೆಗೆ ಬಂದೋರು ಹೊರಗೆ ತಿಂತಾರಾ ಮೇಡಂ? ಕೂತ್ಕೊಳ್ಳಿ. ಬಿರಿಯಾನಿ ದಮ್ ಆಗ್ತಾ ಇದೆ.” ಹೀಗೆ ಹದಿನೆಂಟು ವರ್ಷ ಕಾದಿದ್ದ ಬಿರಿಯಾನಿಯನ್ನು ಗೆದ್ದವಳ ತಾಯಿ ಬಡಿಸಿದರು, ಸೋತವರು ಎರಡು ಸಲ ಹಾಕಿಸಿಕೊಂಡು ತಿಂದರು. ಸುಗತರ ಪಾಲನ್ನು ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಟ್ಟರು.

ವಿಭಾಗದಲ್ಲಿ ಲುಬ್ನಾಳ ಉಪನ್ಯಾಸ ನಡೆಯಿತು. ಫ್ಲೆಕ್ಸ್ ಇರಲಿಲ್ಲ, ಬಾಗಿಲಿಗೆ ಒಂದು ಬಿಳಿ ಹಾಳೆ ಅಂಟಿಸಿತ್ತು. ಅವಳ ಮೊದಲ ವಾಕ್ಯವೇ, “ಇದು ಹೊಸದಲ್ಲ. ನನಗಿಂತ ಮೊದಲು ಕಂಡುಹಿಡಿದವರ ಪಟ್ಟಿ ಕೊನೆಯಲ್ಲಿದೆ” ಎಂದಿತ್ತು. ಆಮೇಲೆ ಶ್ರೀನಿವಾಸ್ ಅವರನ್ನೇ ಮೊದಲನೆಯವರಾಗಿ ನಿಲ್ಲಲು ಕರೆದಳು. ಅವರು ಹಿಂಜರಿಯುತ್ತ ಲೇಸು ಬಿಚ್ಚಿ ಬೂಟು ಕಳಚಿದರು. ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಇಣುಕಿತು. ಸಭೆ ನಕ್ಕಿತು. ಆದರೆ ಎಲ್ಲ ಮುಗಿದ ಮೇಲೆ ಒಳ್ಳೆಯ ಪ್ರಶ್ನೆ ಕೇಳಿದವರೂ ಅವರೇ. “ಮೊದಲನೆಯವನು ನಾನೇ ಯಾಕೆ ಆಗ್ಬೇಕು? ಬೇರೆ ಯಾರಾದ್ರೂ ಆಗಬಹುದಾ?”

“ಯಾರಾದ್ರೂ ಆಗ್ಬಹುದು ಸಾರ್. ಆದ್ರೆ ಅದು ಆಟಕ್ಕೆ ಮುಂಚೆನೇ ತೀರ್ಮಾನ ಆಗಿರ್ಬೇಕು.”

ಶ್ರೀನಿವಾಸ್ ತಲೆಯಾಡಿಸಿದರು. ಬಹಳ ದಿನದ ಮೇಲೆ ಅವರ ಮುಖದಲ್ಲಿ ಗಣಿತ ಓದಿದ ಮನುಷ್ಯ ಕಂಡ ಎಂದು ಆದಿಲಕ್ಷ್ಮಿಗೆ ಅನ್ನಿಸಿತು.

ಎರಡು ವರ್ಷವಾಯಿತು. ಲುಬ್ನಾ ಈಗ ಕೃಷ್ಣರಾಜಪುರದ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಪಿಎಚ್.ಡಿ.ಗೂ ಅರ್ಜಿ ಹಾಕಿದ್ದಾಳೆ, ಎಣಿಕೆಯ ವಿಷಯಕ್ಕೇ. ಮೊನ್ನೆ ಸಂಜೆ ಮೇಡಂ ಶಿವಾಜಿನಗರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಫೋನ್ ಮಾಡಿದಳು. ಹಿಂದೆ ಹಳೇ ಮದ್ರಾಸ್ ರಸ್ತೆಯ ಹಾರನ್ನುಗಳೆಲ್ಲ ಕೇಳಿಸುತ್ತಿದ್ದವು.

“ಮೇಡಂ, ಒಬ್ಳು ಹುಡುಗಿ ಇವತ್ತು ಒಂದು ಪ್ರಶ್ನೆ ಕೇಳಿದ್ಲು. ಒಂದು ಬ್ಯಾಚ್ ಮಕ್ಕಳು ಒಂದೇ ಸಾಲಲ್ಲಿ ಕೂತಿದ್ದಾರೆ. ನಾಳೆ ಬಂದು ಕೂರುವಾಗ ಇವತ್ತು ಪಕ್ಕದಲ್ಲಿದ್ದವರ ಪಕ್ಕ ಯಾರೂ ಕೂರಬಾರದು. ಎಷ್ಟು ಬಗೆ? ನಾಲ್ಕು ಜನಕ್ಕೆ ಎರಡೇ ಬರುತ್ತೆ. ಐದಕ್ಕೆ ಗೊತ್ತಾಗ್ತಿಲ್ಲ.”

“ಗೊತ್ತಿಲ್ಲ ಅಂತ ಅವಳಿಗೆ ಹೇಳಿದ್ಯಾ?”

“ಹೇಳ್ದೆ. ಖುಷಿಯಾದ್ಲು.”

“ಎಲ್ಲೋ ಓದಿದ ನೆನಪು. ಪುಸ್ತಕದಲ್ಲಿ ನೋಡಿ ಹೇಳ್ಲಾ?”

“ಎರಡು ದಿನ ಬಿಟ್ಟು ನೋಡಿ ಮೇಡಂ. ಅಲ್ಲೀವರೆಗೂ ಬೇಡ.”

ಮೇಡಂ ನಿಲ್ದಾಣದ ಕಲ್ಲಿನ ಮೇಲೆ ಕೂತು, ಬ್ಯಾಗಿನಲ್ಲಿದ್ದ ಯಾವುದೋ ಮದುವೆಯ ಆಮಂತ್ರಣದ ಹಿಂಭಾಗದಲ್ಲಿ ಒಂದರಿಂದ ಐದರವರೆಗೆ ಬರೆಯಲು ಶುರುಮಾಡಿದರು. ಹಲಸೂರಿನ ಬಸ್ಸೊಂದು ಬಂದು, ನಿಂತು, ಹೋಯಿತು. ಮೊದಲ ಸಲ ಹನ್ನೆರಡು ಬಂತು. ಎಲ್ಲೋ ಬಿಟ್ಟುಹೋಗಿದೆ ಎನಿಸಿ ಮತ್ತೆ ಮೊದಲಿನಿಂದ ಬರೆದರು, ಹದಿನಾಲ್ಕು ಆಯಿತು. ಎರಡನೇ ಬಸ್ಸೂ ಹೋಯಿತು. ಪಕ್ಕದಲ್ಲಿ ಸೊಪ್ಪಿನ ಕುಕ್ಕೆ ಇಟ್ಟುಕೊಂಡು ಕೂತಿದ್ದ ಮುದುಕಿ ಇಣುಕಿ ನೋಡಿ, “ಏನಮ್ಮಾ ಅಷ್ಟೊಂದು ಬರೀತಿದ್ಯಾ?” ಎಂದು ಕೇಳಿದಳು.

“ಐದು ಜನ ಇದ್ದಾರಮ್ಮ” ಎಂದು ಮೇಡಂ ಹಾಳೆ ತಿರುಗಿಸಿ ತೋರಿಸಿದರು. “ಇವತ್ತು ಹಿಂಗೆ ಕೂತಿದ್ದಾರೆ, ನೋಡಿ.”